ರೂಟರ್ ಅಡಾಪ್ಟರ್ ಕೆಟ್ಟಾಗ: ‘ಪಿನ್ ಕೂತರೆ ಸಾಕು’ ಎನ್ನುವ ಸಲಹೆಯಲ್ಲಿ ಎಷ್ಟು ನಿಜ?

ಕಳೆದ ಮೇ ತಿಂಗಳ ಒಂದು ಸಂಜೆ ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಜೋರು ಗುಡುಗು ಮಳೆ. ಒಂದು ಸಿಡಿಲಿಗೆ ಕರೆಂಟ್ ಹೋಯಿತು. ಅರ್ಧ ಗಂಟೆ ಬಿಟ್ಟು ಕರೆಂಟ್ ಬಂತು, ಆದರೆ ವೈಫೈ ರೂಟರ್‌ನ ದೀಪ ಹತ್ತಲಿಲ್ಲ. ಆ ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಫೋನ್ ರಿಂಗ್ ಆಗುವುದೇ ವೈಫೈ ಕಾಲಿಂಗ್‌ನಿಂದ. ಅಜ್ಜಿಗೆ ಅದೇ ವಾರ ಕಣ್ಣಿನ ಆಪರೇಷನ್ ಆಗಿತ್ತು, ಆಸ್ಪತ್ರೆಯವರ ಕರೆ ಬರುವುದಿತ್ತು. ರೂಟರ್ ನಿಂತರೆ ಆ ಮನೆಗೆ ಹೊರಜಗತ್ತೇ ನಿಂತ ಹಾಗೆ.

ಚಿಕ್ಕಪ್ಪ ಸಿಗ್ನಲ್ ಸಿಗುವ ಬಸ್ ಸ್ಟಾಪಿನವರೆಗೆ ನಡೆದು ಹೋಗಿ, ದೀಪ ಆರಿದ ರೂಟರ್‌ನ ಫೋಟೊವನ್ನು ಫ್ಯಾಮಿಲಿ ಗ್ರೂಪ್‌ಗೆ ಹಾಕಿದರು. ಹತ್ತು ನಿಮಿಷದಲ್ಲಿ ಸಲಹೆಗಳ ಸುರಿಮಳೆ. ಪಿನ್ ಕೂರುವ ಯಾವ ಅಡಾಪ್ಟರ್ ಆದರೂ ಆಗುತ್ತದೆ ಎಂದು ಒಬ್ಬರು. ಆಂಪಿಯರ್ ಜಾಸ್ತಿ ಇರುವುದನ್ನು ಹಾಕಿದರೆ ರೂಟರ್ ಸುಟ್ಟು ಹೋಗುತ್ತದೆ ಎಂದು ಇನ್ನೊಬ್ಬರು. ಮೊಬೈಲ್ ಚಾರ್ಜರ್‌ಗೆ ಒಂದು ಕೇಬಲ್ ಹಾಕಿದರೆ ಕೆಲಸ ಮುಗಿಯಿತು ಎನ್ನುವ ವಿಡಿಯೊ ಒಂದು. ಇನ್ವರ್ಟರ್ ಬ್ಯಾಟರಿಯಿಂದ ನೇರವಾಗಿ ವೈರ್ ಎಳೆಯಿರಿ ಎನ್ನುವ ಮತ್ತೊಂದು ವಿಡಿಯೊ.

ಚಿಕ್ಕಪ್ಪ ಮೊದಲನೆಯ ಸಲಹೆ ಹಿಡಿದು ಮನೆಗೆ ಹೋದರು. ಮೂಲೆ ಸೇರಿದ್ದ ಹಳೆಯ ಕಾರ್ಡ್‌ಲೆಸ್ ಫೋನಿನ ಅಡಾಪ್ಟರ್ ತೆಗೆದು ಚುಚ್ಚಿದರು. ಮಾರನೆಯ ದಿನ ನಾನು ಮಾತಾಡಿದಾಗ ಅವರು ಹೇಳಿದ್ದು ಒಂದೇ ಮಾತು: “ಪಿನ್ ಸರಿಯಾಗೇ ಕೂತಿತ್ತು ಮಾರಾಯ್ತಿ.” ಆ ಅಡಾಪ್ಟರ್‌ನ ಲೇಬಲ್ ಫೋಟೊ ತರಿಸಿಕೊಂಡು ನೋಡಿದರೆ, ಔಟ್‌ಪುಟ್ ಎಂದು ಬರೆದ ಕಡೆ 9 ವೋಲ್ಟ್, ಪಕ್ಕದಲ್ಲಿ ಅಲೆಯಂಥ ~ ಗುರುತು, 300 ಮಿಲಿಆಂಪಿಯರ್. ರೂಟರ್ ಕೇಳುತ್ತಿದ್ದುದು 12 ವೋಲ್ಟ್ ಡಿಸಿ, 1 ಆಂಪಿಯರ್. ಪಿನ್ ಒಂದು ಬಿಟ್ಟು ಉಳಿದದ್ದೆಲ್ಲ ತಪ್ಪು.

ಎರಡು ದಿನ ಬಿಟ್ಟು ಸರಿಯಾದ ಅಡಾಪ್ಟರ್ ತಂದು ಹಾಕಿದರೂ ರೂಟರ್ ಏಳಲಿಲ್ಲ. ಅದನ್ನು ಕೊಂದದ್ದು ಸಿಡಿಲೋ, ಕಾರ್ಡ್‌ಲೆಸ್ ಫೋನಿನ ಅಡಾಪ್ಟರೋ ಎಂದು ಈಗ ಹೇಳುವ ಹಾಗಿಲ್ಲ. ಗ್ರೂಪ್‌ನಲ್ಲಿ ಬಂದ ಆ ನಾಲ್ಕೂ ಸಲಹೆಗಳನ್ನು ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ.

ಕೆಟ್ಟಿರುವುದು ಅಡಾಪ್ಟರೇ ಹೌದೇ?

ರೂಟರ್ ಕೈಕೊಟ್ಟಾಗ ಬಹಳಷ್ಟು ಜನ ನೇರವಾಗಿ ಹೊಸ ರೂಟರ್ ಬೆಲೆ ವಿಚಾರಿಸುತ್ತಾರೆ. ಅಂಗಡಿಯವರಿಗೂ ಅದನ್ನು ಮಾರುವುದರಲ್ಲೇ ಲಾಭ. ಆದರೆ ಹಲವು ಸಲ ಸಾಯುವುದು ರೂಟರ್ ಅಲ್ಲ, ಕೆಲವು ನೂರು ರೂಪಾಯಿಯ ಅಡಾಪ್ಟರ್. ಕಾರಣ ಸರಳ. ಗೋಡೆಯ 230 ವೋಲ್ಟ್‌ನ ಏರಿಳಿತ, ಸಿಡಿಲಿನ ಹೊಡೆತ, ದಿನದ 24 ಗಂಟೆಯ ಬಿಸಿ ಎಲ್ಲವನ್ನೂ ಮೊದಲು ತಡೆದುಕೊಳ್ಳುವುದು ಅದು.

ಅಡಾಪ್ಟರ್ ಒಳಗೆ ಪುಟ್ಟ ಡಬ್ಬಿಯಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಒಳಗಿನ ದ್ರವ ವರ್ಷ ಕಳೆದಂತೆ ಒಣಗುತ್ತದೆ. ಬಿಸಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಾದರೆ ಅವುಗಳ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಎಲೆಕ್ಟ್ರಾನಿಕ್ಸ್‌ನಲ್ಲಿ ಎಲ್ಲರೂ ಬಳಸುವ ಅಂದಾಜು. ಟಿವಿ ಹಿಂದೆ, ಸೋಫಾ ಸಂದಿಯಲ್ಲಿ, ಬಟ್ಟೆ ಮುಚ್ಚಿಕೊಂಡು ಬಿದ್ದಿರುವ ಅಡಾಪ್ಟರ್ ಬೇಗ ಹೋಗುವುದು ಇದಕ್ಕೇ.

ಹೀಗೆ ಒಣಗಿದ ಅಡಾಪ್ಟರ್ ಒಮ್ಮೆಲೇ ಸಾಯಬೇಕೆಂದಿಲ್ಲ. ಮೊದಲು ಕಾಣುವ ಲಕ್ಷಣ ಬೇರೆ. ದೀಪ ಹತ್ತುತ್ತದೆ, ರಾತ್ರಿ ಎಲ್ಲ ಸರಿ ಇರುತ್ತದೆ, ಮನೆಯವರೆಲ್ಲ ಒಟ್ಟಿಗೆ ವಿಡಿಯೊ ನೋಡಲು ಕೂತಾಗ ರೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಕೆಲಸ ಹೆಚ್ಚಾದಾಗ ರೂಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ದುರ್ಬಲ ಅಡಾಪ್ಟರ್‌ನ ವೋಲ್ಟೇಜ್ ಆಗ ಕುಸಿಯುತ್ತದೆ. ನಾವು ನೆಟ್ ಕಂಪನಿಗೆ ಫೋನ್ ಮಾಡಿ ಬೈಯುತ್ತೇವೆ. ಮೊದಲೆಲ್ಲ ಇನ್ವರ್ಟರ್‌ಗೆ ಬದಲಾಗುವಾಗ ಏನೂ ಆಗದಿದ್ದ ರೂಟರ್ ಈಗ ಪ್ರತಿ ಸಲವೂ ಆರಿ ಹತ್ತುತ್ತಿದ್ದರೆ ಅದೂ ಇದೇ ಕಾಯಿಲೆ ಇರಬಹುದು.

ಇನ್ನೊಂದು ಸಾಮಾನ್ಯ ದೋಷ ವೈರಿನದು. ಪಿನ್ ಬುಡದಲ್ಲಿ ಅಥವಾ ಅಡಾಪ್ಟರ್‌ನಿಂದ ವೈರ್ ಹೊರಬರುವ ಕಡೆ ಒಳಗಿನ ತಂತಿ ತುಂಡಾಗಿರುತ್ತದೆ. ಆ ಜಾಗವನ್ನು ಮೆಲ್ಲಗೆ ಬಗ್ಗಿಸಿದಾಗ ದೀಪ ಮಿಣುಕಿದರೆ ದೋಷ ಸಿಕ್ಕಿತು ಅಂತಲೇ ಲೆಕ್ಕ. ಆದರೆ ಹಾಗೆ ಬಗ್ಗಿಸಿಟ್ಟು, ಟೇಪ್ ಸುತ್ತಿ ದಿನ ದೂಡಬೇಡಿ. ಅರ್ಧ ತುಂಡಾದ ತಂತಿ ಅಲ್ಲೇ ಬಿಸಿಯಾಗುತ್ತದೆ.

ಮಲ್ಟಿಮೀಟರ್ ಇಟ್ಟು 12 ವೋಲ್ಟ್ ತೋರಿಸಿತು ಎಂದ ಮಾತ್ರಕ್ಕೆ ಅಡಾಪ್ಟರ್ ಚೆನ್ನಾಗಿದೆ ಎಂದಲ್ಲ. ಹೊರೆಯೇ ಇಲ್ಲದಾಗ ಯಾರು ಬೇಕಾದರೂ ನೆಟ್ಟಗೆ ನಿಲ್ಲುತ್ತಾರೆ. ರಿಪೇರಿಯವರು ಕೆಲವರು ಬೈಕಿನ 12 ವೋಲ್ಟ್, 10 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಅಡಾಪ್ಟರ್‌ಗೆ ಜೋಡಿಸಿ ನೋಡುತ್ತಾರೆ. ಅದು ಸುಮಾರು 0.8 ಆಂಪಿಯರ್ ಎಳೆಯುತ್ತದೆ. ತಣ್ಣಗಿರುವ ಬಲ್ಬ್ ಮೊದಲ ಕ್ಷಣ ಹೆಚ್ಚು ಎಳೆಯುವುದರಿಂದ ಒಳ್ಳೆಯ ಅಡಾಪ್ಟರ್ ಕೂಡ ಒಮ್ಮೆ ತಡವರಿಸಬಹುದು. ಆದರೆ ನಂತರವೂ ಬಲ್ಬ್ ಮಂಕಾಗಿಯೇ ಇದ್ದು, ವೋಲ್ಟೇಜ್ 9, 10ಕ್ಕೆ ಇಳಿದರೆ ಅಡಾಪ್ಟರ್ ಕಥೆ ಮುಗಿದಿದೆ.

ನೆಟ್ ಕಂಪನಿಯೇ ಕೊಟ್ಟ ರೂಟರ್ ಆಗಿದ್ದರೆ ಮೊದಲು ಅವರನ್ನೇ ಕೇಳಿ. ಎಷ್ಟೋ ಸಲ ಪೆಟ್ಟಿಗೆ ಅವರದೇ ಆಗಿರುತ್ತದೆ, ಅಡಾಪ್ಟರ್ ಬದಲಿಸಿ ಕೊಡುತ್ತಾರೆ.

ಪಿನ್ ಕೂತರೆ ಸಾಕೇ?

ಸಾಕಾಗುವುದಿಲ್ಲ. ಪಿನ್ ಎನ್ನುವುದು ಬರೀ ಆಕಾರ. ಒಂದೇ ಅಳತೆಯ ಪಿನ್‌ನಲ್ಲಿ 5 ವೋಲ್ಟ್‌ನಿಂದ 24 ವೋಲ್ಟ್‌ವರೆಗಿನ ಅಡಾಪ್ಟರ್‌ಗಳು ಮಾರುಕಟ್ಟೆಯಲ್ಲಿವೆ. ಗೋಡೆಯ ಪ್ಲಗ್‌ಗೆ ಇರುವಂಥ ಶಿಸ್ತು ಈ ದುಂಡು ಪಿನ್‌ಗಳಿಗೆ ಇಲ್ಲ.

ನೋಡಬೇಕಾದದ್ದು ರೂಟರ್‌ನ ತಳಭಾಗದ ಸ್ಟಿಕ್ಕರ್. ಗಮನಿಸಿ, ಹಳೆಯ ಅಡಾಪ್ಟರ್‌ನ ಲೇಬಲ್ ಅಲ್ಲ, ರೂಟರ್‌ನದೇ ಸ್ಟಿಕ್ಕರ್. ಮನೆಯಲ್ಲಿ ಯಾರಾದರೂ ಹಿಂದೆಯೇ ಅಡಾಪ್ಟರ್ ಅದಲು ಬದಲು ಮಾಡಿರಬಹುದು. ಸ್ಟಿಕ್ಕರ್‌ನಲ್ಲಿ ಪವರ್ ಅಥವಾ ಇನ್‌ಪುಟ್ ಎಂದಿರುವ ಕಡೆ 12 ವೋಲ್ಟ್ 1 ಆಂಪಿಯರ್, 12 ವೋಲ್ಟ್ 1.5 ಆಂಪಿಯರ್, 9 ವೋಲ್ಟ್ 0.6 ಆಂಪಿಯರ್, ಹೀಗೆ ಏನಾದರೂ ಇರುತ್ತದೆ. ಅಡಾಪ್ಟರ್‌ನಲ್ಲಾದರೆ ಔಟ್‌ಪುಟ್ ಎಂಬ ಸಾಲನ್ನು ಓದಬೇಕು. ಇನ್‌ಪುಟ್ ಸಾಲಿನಲ್ಲಿರುವ 100–240 ವೋಲ್ಟ್ ಗೋಡೆಯ ಕರೆಂಟಿನದು, ಅದನ್ನು ನೋಡಿ ಗಾಬರಿಯಾಗಬೇಡಿ. ಎಂಎ ಎಂದು ಬರೆದಿದ್ದರೆ ಸಾವಿರದಿಂದ ಭಾಗಿಸಿ: 1500 ಎಂಎ ಎಂದರೆ 1.5 ಆಂಪಿಯರ್. ಟಿಪಿ-ಲಿಂಕ್‌ನ ಅಡಾಪ್ಟರ್‌ಗಳಲ್ಲಿ ಮಾಡೆಲ್ ಸಂಖ್ಯೆಯೇ ಇದನ್ನು ಹೇಳುತ್ತದೆ. ಟಿ120100 ಎಂದರೆ 12.0 ವೋಲ್ಟ್, 1.00 ಆಂಪಿಯರ್, ಟಿ090060 ಎಂದರೆ 9.0 ವೋಲ್ಟ್, 0.60 ಆಂಪಿಯರ್.

ವೋಲ್ಟ್ ಸಂಖ್ಯೆ ಎರಡರಲ್ಲೂ ಒಂದೇ ಇರಬೇಕು. 12 ಕೇಳುವ ರೂಟರ್‌ಗೆ 9 ಕೊಟ್ಟರೆ ದೀಪ ಹತ್ತಬಹುದು, ವೈಫೈ ಹೆಸರೂ ಕಾಣಬಹುದು, ಆದರೆ ಅದು ನಿಲ್ಲುವ ಭರವಸೆ ಇಲ್ಲ. 9 ಕೇಳುವುದಕ್ಕೆ 12 ಕೊಟ್ಟರೆ ಕೆಲವು ಉಳಿಯುತ್ತವೆ, ಕೆಲವು ಸಾಯುತ್ತವೆ. ರೂಟರ್ ಒಳಗಿನ ಚಿಪ್‌ಗಳು ಓಡುವುದು 3.3 ವೋಲ್ಟ್ ಮತ್ತು ಅದಕ್ಕಿಂತ ಕಡಿಮೆಯಲ್ಲಿ. ಹೊರಗಿನಿಂದ ಬಂದ ವೋಲ್ಟೇಜನ್ನು ಇಳಿಸಿ ಕೊಡುವ ಭಾಗ ಎಷ್ಟು ಹೆಚ್ಚನ್ನು ತಡೆಯುತ್ತದೆ ಎನ್ನುವುದು ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ಥರ. “ನಮ್ಮ ಮನೆಯಲ್ಲಿ ಹಾಕಿದ್ದೇವೆ, ಏನೂ ಆಗಿಲ್ಲ” ಎನ್ನುವ ಸಾಕ್ಷಿ ಇನ್ನೊಂದು ಮನೆಗೆ ಲೆಕ್ಕಕ್ಕೆ ಬಾರದಿರುವುದು ಅದಕ್ಕೇ.

ನಂತರ ಎಸಿಯೋ ಡಿಸಿಯೋ ಎಂಬುದು. ಒಂದು ಉದ್ದ ಗೆರೆ, ಅದರ ಕೆಳಗೆ ತುಂಡು ತುಂಡು ಗೆರೆ ಇದ್ದರೆ ಡಿಸಿ. ~ ಗುರುತು ಇದ್ದರೆ ಎಸಿ. ಹಳೆಯ ಕಾರ್ಡ್‌ಲೆಸ್ ಫೋನ್, ಹಳೆಯ ಕೆಲವು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಭಾರದ ಅಡಾಪ್ಟರ್‌ಗಳಲ್ಲಿ ಔಟ್‌ಪುಟ್ ಕೂಡ ಎಸಿಯೇ ಇರುತ್ತಿತ್ತು. ಚಿಕ್ಕಪ್ಪ ಎಡವಿದ್ದು ಇಲ್ಲಿ. ಕೈಗೆ ಇಟ್ಟಿಗೆಯಂತೆ ಭಾರವೆನಿಸುವ ಆ ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳಲ್ಲಿ ಇನ್ನೊಂದು ಮೋಸ ಇದೆ. ಡಿಸಿ ಕೊಡುವವೂ ಹಲವು ವೋಲ್ಟೇಜನ್ನು ಹಿಡಿದಿಡುವುದಿಲ್ಲ. 12 ಎಂದು ಬರೆದದ್ದು ಹೊರೆ ಕಡಿಮೆಯಿದ್ದಾಗ 16 ವೋಲ್ಟ್ ಕೊಡಬಹುದು. ಹಳೆಯ ಕಾಲದ ವಸ್ತು ಗಟ್ಟಿ ಎಂಬ ಪ್ರೀತಿಗೆ ರೂಟರ್ ಬಲಿಯಾಗಬಾರದು.

ಮೂರನೆಯದು ಪ್ಲಸ್ ಮೈನಸ್ ಎಲ್ಲಿದೆ ಎಂಬುದು. ಲೇಬಲ್‌ನಲ್ಲಿ ನಡುವೆ ಒಂದು ಚುಕ್ಕಿ, ಅದರ ಸುತ್ತ ಅರ್ಧ ಬಳೆಯಂಥ ಗೆರೆ, ಎರಡೂ ಕಡೆ + ಮತ್ತು − ಇರುವ ಪುಟ್ಟ ಚಿತ್ರ ಇರುತ್ತದೆ. ನಡುವಿನ ಚುಕ್ಕಿಗೆ + ಸೇರಿದ್ದರೆ ಪಿನ್‌ನ ಒಳಭಾಗ ಪ್ಲಸ್. ಮನೆಯ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ಆದರೆ ಗಿಟಾರ್ ಪೆಡಲ್‌ಗಳ 9 ವೋಲ್ಟ್ ಅಡಾಪ್ಟರ್, ಹಳೆಯ ಕ್ಯಾಸಿಯೊ ಕೀಬೋರ್ಡ್‌ಗಳ ಅಡಾಪ್ಟರ್ ಇದಕ್ಕೆ ಉಲ್ಟಾ, ಅವುಗಳ ಒಳಭಾಗ ಮೈನಸ್. ಮಗಳ ಸಂಗೀತದ ಕೀಬೋರ್ಡಿನ ಅಡಾಪ್ಟರ್ 9 ವೋಲ್ಟ್ ಇದೆ, ರೂಟರ್ ಕೂಡ 9 ವೋಲ್ಟ್ ಎಂದು ಹಾಕಿದರೆ ಆಗುವ ಅನಾಹುತ ಇದು. ಕೆಲವು ರೂಟರ್‌ಗಳಲ್ಲಿ ಉಲ್ಟಾ ಕರೆಂಟ್ ತಡೆಯುವ ವ್ಯವಸ್ಥೆ ಇರುತ್ತದೆ, ಕೆಲವಲ್ಲಿ ಇರುವುದಿಲ್ಲ.

ಇಷ್ಟೆಲ್ಲ ಹೊಂದಿದ ಮೇಲೆ ಪಿನ್ ಅಳತೆ. ಹೆಚ್ಚು ಬಳಕೆಯಲ್ಲಿರುವುದು ಹೊರಗೆ 5.5 ಮಿಲಿಮೀಟರ್, ಒಳಗಿನ ತೂತು 2.1 ಮಿಲಿಮೀಟರ್. ಅದರ ಅವಳಿಯಂತೆ ಕಾಣುವ ಇನ್ನೊಂದರ ತೂತು 2.5 ಮಿಲಿಮೀಟರ್. 2.1ರ ರೂಟರ್‌ಗೆ 2.5ರ ಪಿನ್ ಸಲೀಸಾಗಿ ಒಳಗೆ ಹೋಗುತ್ತದೆ, ಆದರೆ ಸಡಿಲ. ಮೇಜು ಅಲುಗಿದರೆ ನೆಟ್ ಹೋಗುತ್ತದೆ, ಸಂಪರ್ಕ ಸರಿಯಿಲ್ಲದ ಕಡೆ ಬಿಸಿಯಾಗುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಅಡಾಪ್ಟರನ್ನೂ, ಆದರೆ ರೂಟರನ್ನೂ ಜೊತೆಗೆ ಒಯ್ಯಿರಿ. ಪಿನ್ ಹೊಂದದಿದ್ದರೆ ಹಳೆಯ ಪಿನ್ ಕತ್ತರಿಸಿ ಹೊಸ ಅಡಾಪ್ಟರ್‌ಗೆ ಬೆಸುಗೆ ಹಾಕಿಕೊಡುವವರಿದ್ದಾರೆ, ಅದು ತಪ್ಪಲ್ಲ. ಬಿಳಿ ಗೆರೆಯ ವೈರ್ ಪ್ಲಸ್ ಎಂದು ಊಹೆಯ ಮೇಲೆ ಸೇರಿಸದೆ, ಮೀಟರ್ ಇಟ್ಟು ನೋಡಿ ಸೇರಿಸಿದರೆ ಆಯಿತು.

ಆಂಪಿಯರ್ ಜಾಸ್ತಿಯಾದರೆ ರೂಟರ್ ಸುಡುತ್ತದೆಯೇ?

ಅತಿ ಹೆಚ್ಚು ಜನ ನಂಬಿರುವ, ಆದರೆ ನಿಜವಲ್ಲದ ಮಾತು ಇದು. 12 ವೋಲ್ಟ್ 1 ಆಂಪಿಯರ್ ಕೇಳುವ ರೂಟರ್‌ಗೆ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಹಾಕಬಹುದು. 3 ಆಂಪಿಯರ್‌ನದೂ ನಡೆಯುತ್ತದೆ.

ನಿಮ್ಮ ಮನೆಯ ಗೀಸರ್‌ಗೆಂದು ಹಾಕಿಸಿದ 16 ಆಂಪಿಯರ್ ಸಾಕೆಟ್ ನೆನಪಿಸಿಕೊಳ್ಳಿ. ಅದಕ್ಕೆ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಜೋಡಿಸಿದರೆ ಬಲ್ಬ್ ಸುಡುತ್ತದೆಯೇ? ಇಲ್ಲ. 16 ಆಂಪಿಯರ್ ಎಂದರೆ ಸಾಕೆಟ್ ಅಷ್ಟನ್ನೂ ಬಲ್ಬಿನೊಳಗೆ ತುರುಕುತ್ತದೆ ಎಂದಲ್ಲ, ಬೇಕಾದರೆ ಅಷ್ಟರವರೆಗೆ ಕೊಡಬಲ್ಲದು ಎಂದು. ಬಲ್ಬ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಅದೇ ಬಲ್ಬಿಗೆ 230ರ ಬದಲು 440 ವೋಲ್ಟ್ ಕೊಟ್ಟರೆ ಸುಡುತ್ತದೆ. ತಳ್ಳುವುದು ವೋಲ್ಟ್, ಆಂಪಿಯರ್ ಎನ್ನುವುದು ಅಡಾಪ್ಟರ್‌ನ ಸಾಮರ್ಥ್ಯದ ಮಿತಿ. ನಿಜವಾಗಿ ಹರಿಯುವ ಕರೆಂಟ್ ಎಷ್ಟೆಂದು ತೀರ್ಮಾನಿಸುವುದು ರೂಟರ್.

ಅಪಾಯ ಇರುವುದು ಇದರ ವಿರುದ್ಧ ದಿಕ್ಕಿನಲ್ಲಿ. 1.5 ಆಂಪಿಯರ್ ಕೇಳುವ ರೂಟರ್‌ಗೆ 0.5 ಆಂಪಿಯರ್ ಅಡಾಪ್ಟರ್ ಹಾಕಿದರೆ ಆರಂಭದಲ್ಲಿ ಎಲ್ಲ ಸರಿಯಿರುವಂತೆ ಕಾಣುತ್ತದೆ. ಹೊರೆ ಏರಿದಾಗ ಅಡಾಪ್ಟರ್ ಮಿತಿ ಮೀರಿ ದುಡಿಯುತ್ತದೆ, ಬಿಸಿಯಾಗುತ್ತದೆ. ಒಳ್ಳೆಯದಾಗಿದ್ದರೆ ತಾನೇ ಆಫ್ ಆಗುತ್ತದೆ. ಅಗ್ಗದ್ದಾಗಿದ್ದರೆ ಪ್ಲಾಸ್ಟಿಕ್ ವಾಸನೆ ಬರುತ್ತದೆ. “ಸಣ್ಣ ಅಡಾಪ್ಟರ್ ಸೇಫ್” ಎಂದುಕೊಂಡು ಹಾಕಿದ್ದೇ ಇಲ್ಲಿ ಬಿಸಿಯ ಮೂಲ.

ಮನೆಯಲ್ಲೇ ಸರಿಯಾದದ್ದು ಸಿಗಬಹುದೇ?

ಸಿಗಬಹುದು. ಮೂಲೆಗೆ ಸೇರಿದ ಡಿಟಿಎಚ್ ಸೆಟ್‌ಟಾಪ್ ಬಾಕ್ಸ್, ಸಿಸಿಟಿವಿ ಕ್ಯಾಮೆರಾ, ಮೇಜಿನ ಮೇಲಿಡುವ ಹಾರ್ಡ್ ಡಿಸ್ಕ್ ಇವುಗಳ ಅಡಾಪ್ಟರ್ ಅನೇಕ ಸಲ 12 ವೋಲ್ಟ್ ಡಿಸಿಯೇ, 1ರಿಂದ 2 ಆಂಪಿಯರ್. ಲೇಬಲ್ ಓದಿ, ಮೇಲೆ ಹೇಳಿದ್ದೆಲ್ಲ ಹೊಂದಿದರೆ ಧಾರಾಳವಾಗಿ ಬಳಸಿ. ಕಂಪನಿ ಹೆಸರು ಬೇರೆ ಎನ್ನುವುದು ಅಡ್ಡಿಯಲ್ಲ.

ದೂರ ಇಡಬೇಕಾದದ್ದು ಒಂದಿದೆ. ಹಳ್ಳಿಗಳಲ್ಲಿ ಛಾವಣಿಯ ಮೇಲೆ ವೈರ್‌ಲೆಸ್ ಡಿಶ್ ಹಾಕಿ ನೆಟ್ ಕೊಡುವ ಕಡೆ, ಎರಡು ಲ್ಯಾನ್ ಪೋರ್ಟ್ ಇರುವ ಪುಟ್ಟ ಡಬ್ಬಿ ಇರುತ್ತದೆ. ಅದು ಲ್ಯಾನ್ ಕೇಬಲ್ ಮೂಲಕವೇ ಕರೆಂಟ್ ಕಳಿಸುವ ಅಡಾಪ್ಟರ್, ಅದರಲ್ಲಿ 24 ವೋಲ್ಟ್ ಇರುವುದು ಸಾಮಾನ್ಯ. ಅದರ ಕರೆಂಟ್ ಬರುವ ಪೋರ್ಟಿನ ಕೇಬಲನ್ನು ಬೇರೆ ರೂಟರ್‌ಗೋ ಲ್ಯಾಪ್‌ಟಾಪ್‌ಗೋ ಚುಚ್ಚಬೇಡಿ.

ಈಗ ಮೊಬೈಲ್ ಚಾರ್ಜರ್ ವಿಡಿಯೊಗೆ ಬರೋಣ. ಆ ಕೇಬಲ್ ಸುಳ್ಳಲ್ಲ. ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ದುಂಡು ಪಿನ್, ನಡುವೆ 5 ವೋಲ್ಟನ್ನು 12ಕ್ಕೆ ಏರಿಸುವ ಪುಟ್ಟ ಸರ್ಕ್ಯೂಟ್. ಪವರ್ ಬ್ಯಾಂಕ್‌ನಿಂದ ರೂಟರ್ ಓಡಿಸಲು ಹಲವರು ಬಳಸುತ್ತಾರೆ. ತೊಂದರೆ ಇರುವುದು ಲೆಕ್ಕದಲ್ಲಿ. 12 ವೋಲ್ಟ್ 1 ಆಂಪಿಯರ್ ಎಂದರೆ 12 ವ್ಯಾಟ್. ಏರಿಸುವಾಗ ಒಂದಷ್ಟು ಬಿಸಿಯಾಗಿ ಸೋರುತ್ತದೆ; ಶೇಕಡಾ 85ರಷ್ಟು ಉಳಿಯುತ್ತದೆ ಎಂದುಕೊಂಡರೂ 14 ವ್ಯಾಟ್ ಬೇಕು. 5 ವೋಲ್ಟ್‌ನಲ್ಲಿ ಅದು 2.8 ಆಂಪಿಯರ್. ಸಾಮಾನ್ಯ 5 ವೋಲ್ಟ್ 2 ಆಂಪಿಯರ್ ಚಾರ್ಜರ್ ಕೊಡುವುದು 10 ವ್ಯಾಟ್ ಮಾತ್ರ. ರೂಟರ್ ಸದಾ ತನ್ನ ಪೂರ್ತಿ ಮಿತಿಯನ್ನು ಬಳಸುವುದಿಲ್ಲವಾದ್ದರಿಂದ ಸಣ್ಣ ರೂಟರ್ ಇದರಲ್ಲಿ ಓಡಿಬಿಡುತ್ತದೆ, ದೊಡ್ಡದು ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. ವಿಡಿಯೊ ಮಾಡಿದವರು ತೋರಿಸುವುದು ದೀಪ ಹತ್ತಿದ ಮೊದಲ ಹತ್ತು ಸೆಕೆಂಡ್.

ಹಾಗಾದರೆ 33 ವ್ಯಾಟ್, 67 ವ್ಯಾಟ್ ಫಾಸ್ಟ್ ಚಾರ್ಜರ್ ಹಾಕಿದರೆ? ಆ ಪೂರ್ತಿ ವ್ಯಾಟ್ ಸಿಗುವುದು ಫೋನ್ ಮತ್ತು ಚಾರ್ಜರ್ ಪರಸ್ಪರ ಮಾತಾಡಿಕೊಂಡು ಒಪ್ಪಿದ ಮೇಲೆ. ಆ ಮಾತು ಬಾರದ ಕೇಬಲ್ ಸಿಕ್ಕಿಸಿದರೆ ಚಾರ್ಜರ್ 5 ವೋಲ್ಟ್‌ನಲ್ಲೇ ಉಳಿಯುತ್ತದೆ. ಚಾರ್ಜರ್‌ಗೆ 12 ವೋಲ್ಟ್ ಕೊಡು ಎಂದು ಕೇಳಬಲ್ಲ ಕೇಬಲ್‌ಗಳೂ ಇವೆ, ಆದರೆ ಚಾರ್ಜರ್‌ನ ಔಟ್‌ಪುಟ್ ಪಟ್ಟಿಯಲ್ಲಿ 12 ಇರಬೇಕು. ಎಷ್ಟೋ ಚಾರ್ಜರ್‌ಗಳ ಪಟ್ಟಿ 5, 9, 15, 20 ಎಂದು ಹಾರಿಕೊಂಡು ಹೋಗುತ್ತದೆ, ನಡುವೆ 12 ಇರುವುದೇ ಇಲ್ಲ. ಒಂದೆರಡು ಗಂಟೆಯ ತುರ್ತಿಗೆ ಈ ಕೇಬಲ್ ಸರಿ. ವರ್ಷವಿಡೀ ಓಡಿಸುವ ವ್ಯವಸ್ಥೆಯಾಗಿ ನಾನಂತೂ ಒಪ್ಪುವುದಿಲ್ಲ.

ಇನ್ವರ್ಟರ್ ಬ್ಯಾಟರಿಯಿಂದ ನೇರ ವೈರ್?

ಇನ್ವರ್ಟರ್ ಬ್ಯಾಟರಿ 12 ವೋಲ್ಟ್, ರೂಟರ್ ಕೂಡ 12 ವೋಲ್ಟ್, ನಡುವೆ ಅಡಾಪ್ಟರ್ ಯಾಕೆ? ಕೇಳಲು ಜಾಣತನದಂತೆ ಇರುವುದರಿಂದಲೇ ಈ ವಿಡಿಯೊ ಓಡುತ್ತದೆ. ಆದರೆ ಬ್ಯಾಟರಿಯ ಮೇಲೆ ಬರೆದ 12 ಒಂದು ಹೆಸರು ಮಾತ್ರ. ಚಾರ್ಜ್ ಆಗುವಾಗ ಅದು 14.4 ವೋಲ್ಟ್‌ವರೆಗೂ ಏರುತ್ತದೆ, ಖಾಲಿಯಾಗುವಾಗ 11ರ ಹತ್ತಿರ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ವೈರಿನದು. ಅಡಾಪ್ಟರ್‌ನ ಎರಡು ತುದಿ ತಾಗಿದರೆ ಅದು ಸುಮ್ಮನೆ ಆಫ್ ಆಗುತ್ತದೆ. ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ಎಳೆದ ತೆಳು ವೈರ್ ತಾಗಿದರೆ ನೂರಾರು ಆಂಪಿಯರ್ ನುಗ್ಗಿ ವೈರ್ ಕೆಂಪಗೆ ಕಾಯುತ್ತದೆ. ಚಾರ್ಜ್ ಆಗುವ ಬ್ಯಾಟರಿಯ ಸುತ್ತ ಹೈಡ್ರೋಜನ್ ಅನಿಲವೂ ಇರುತ್ತದೆ. ಈ ವಿಡಿಯೊವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ರೂಟರ್ ಇರುವ ಸಾಕೆಟನ್ನು ಇನ್ವರ್ಟರ್ ಲೈನಿಗೆ ಸೇರಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಆಮೇಲೂ ಕರೆಂಟ್ ಹೋದಾಗಲೆಲ್ಲ ರೂಟರ್ ಆರಿ ಹತ್ತುತ್ತಿದ್ದರೆ ಇನ್ವರ್ಟರ್ ಹಿಂಭಾಗ ನೋಡಿ. ಹಲವು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದರಲ್ಲಿ ಬದಲಾವಣೆ ಬೇಗ ಆಗುತ್ತದೆ. ವೋಲ್ಟೇಜ್ ತೀರ ಕಡಿಮೆ ಇರುವ ಹಳ್ಳಿಗಳಲ್ಲಿ ಮಾತ್ರ ಯೋಚಿಸಿ. ಆ ಮೋಡ್‌ನಲ್ಲಿ ಇನ್ವರ್ಟರ್ ಕಡಿಮೆ ವೋಲ್ಟೇಜನ್ನು ಸಹಿಸದೆ ಪದೇ ಪದೇ ಬ್ಯಾಟರಿಗೆ ಹೋಗುತ್ತದೆ. ಇನ್ವರ್ಟರ್ ಇಲ್ಲದವರಿಗೆ ರೂಟರ್‌ಗೆಂದೇ ಮಾರುವ ಮಿನಿ ಯುಪಿಎಸ್‌ಗಳಿವೆ. ಅವುಗಳಿಗೂ ಇದೇ ನಿಯಮ, ಔಟ್‌ಪುಟ್ ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಸಾಲುವಷ್ಟಿರಬೇಕು.

ಅಂಗಡಿಯಲ್ಲಿ ಏನು ನೋಡಬೇಕು?

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಥವಾ ನಿಮ್ಮ ಊರಿನ ಸಿಸಿಟಿವಿ ಅಂಗಡಿಯಲ್ಲಿ 12 ವೋಲ್ಟ್ ಅಡಾಪ್ಟರ್ ಕೇಳಿದರೆ ಎರಡು ಬೆಲೆಯ ಎರಡು ಸಿಗುತ್ತವೆ, ನೋಡಲು ಒಂದೇ. ವ್ಯತ್ಯಾಸ ಒಳಗಿದೆ. ಅಡಾಪ್ಟರ್‌ನ ಮುಖ್ಯ ಕೆಲಸ ವೋಲ್ಟ್ ಇಳಿಸುವುದಷ್ಟೇ ಅಲ್ಲ. ಗೋಡೆಯ 230 ವೋಲ್ಟ್ ಯಾವ ಕಾರಣಕ್ಕೂ ನೀವು ಮುಟ್ಟುವ ಪಿನ್ ಕಡೆಗೆ ದಾಟದಂತೆ ಎರಡರ ನಡುವೆ ಅಂತರ ಮತ್ತು ನಿರೋಧಕ ಇಡುವುದು. ತೀರ ಅಗ್ಗದ ಅಡಾಪ್ಟರ್‌ಗಳಲ್ಲಿ ಹಣ ಉಳಿಸುವುದು ಇಲ್ಲೇ. ಇದು ಕೆಟ್ಟರೆ ನೆಟ್ ಹೋಗುವುದಿಲ್ಲ, ರೂಟರ್ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಲ್ಯಾನ್ ಕೇಬಲ್ ಲೋಹದ ಭಾಗಕ್ಕೂ ಅದು ಬರಬಹುದು. 2 ಆಂಪಿಯರ್ ಎಂದು ಬರೆದು 1 ಆಂಪಿಯರ್ ಕೊಡಲೂ ತಿಣುಕುವುದು ಇದರ ಮುಂದೆ ಸಣ್ಣ ಮೋಸ.

ಒಳಗೆ ಬಿಚ್ಚಿ ನೋಡಲಾಗುವುದಿಲ್ಲ, ಆದರೆ ಹೊರಗೆ ಒಂದು ಗುರುತು ಇದೆ. ಕೇಂದ್ರ ಸರ್ಕಾರ 2012ರಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಾಮಾನುಗಳ ಕಡ್ಡಾಯ ನೋಂದಣಿ ಆದೇಶ ತಂದಿತು. ಐಟಿ ಉಪಕರಣಗಳ ಪವರ್ ಅಡಾಪ್ಟರ್‌ಗಳು ಆಮೇಲೆ ಆ ಪಟ್ಟಿಗೆ ಸೇರಿದವು. ಹೀಗಾಗಿ ಇವು ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನಲ್ಲಿ ನೋಂದಣಿಯಾಗಿರಬೇಕು. ಕುಕ್ಕರ್ ಮೇಲೆ ಕಾಣುವ ಐಎಸ್‌ಐ ಮುದ್ರೆ ಇಲ್ಲಿ ಹುಡುಕಬೇಡಿ. ಇಲ್ಲಿ ಇರುವುದು ಬೇರೆ ಗುರುತು: ಮೇಲೆ ಐಎಸ್ 13252 ಎಂಬಂಥ ಮಾನದಂಡದ ಸಂಖ್ಯೆ, ಕೆಳಗೆ ‘ಆರ್’ ಅಕ್ಷರ, ಅಡ್ಡಗೆರೆ, ಎಂಟು ಅಂಕಿ.

ಗುರುತನ್ನು ನಕಲಿ ಮಾಡುವುದು ಕಷ್ಟವಲ್ಲ, ಆದ್ದರಿಂದ ಸಂಖ್ಯೆಯನ್ನು ಪರೀಕ್ಷಿಸಿ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆರ್ ಸಂಖ್ಯೆ ಹಾಕಿದರೆ ತಯಾರಕರು ಯಾರು, ಯಾವ ಬ್ರ್ಯಾಂಡ್, ಯಾವ ವಸ್ತು ಎಂಬುದು ಬರುತ್ತದೆ. ಒಮ್ಮೆ ನಾನು ಹೀಗೆ ಹಾಕಿ ನೋಡಿದಾಗ ಕೈಯಲ್ಲಿದ್ದ ಅಡಾಪ್ಟರ್‌ನ ಬ್ರ್ಯಾಂಡ್ ಒಂದು, ಆ್ಯಪ್ ತೋರಿಸಿದ್ದು ಇನ್ನೊಂದು. ಅಂಗಡಿಯವರಿಗೆ ಪರದೆ ತೋರಿಸಿದೆ. ಏನೂ ಮಾತಾಡದೆ ಒಳಗಿನಿಂದ ಬೇರೆ ಡಬ್ಬಿ ತಂದುಕೊಟ್ಟರು, 120 ರೂಪಾಯಿ ಹೆಚ್ಚು.

ಇಲ್ಲಿ ಒಂದು ಮಾತು ಸೇರಿಸಬೇಕು. ಎರಡು ಪಿನ್‌ನ ಒಳ್ಳೆಯ ಅಡಾಪ್ಟರ್ ಕೂಡ ಬರಿಗಾಲಲ್ಲಿ ನಿಂತು ಲೋಹದ ಪಿನ್ ಸವರಿದಾಗ ತುಸು ಜುಮ್ಮೆನ್ನಿಸಬಹುದು. ಗದ್ದಲ ತಡೆಯಲು ಒಳಗೆ ಇಟ್ಟ ಒಂದು ಕೆಪಾಸಿಟರ್ ಮೂಲಕ ಅತಿ ಸಣ್ಣ ಕರೆಂಟ್ ಸೋರುತ್ತದೆ. ಮಾನದಂಡದ ಪ್ರಕಾರ ಅದು 0.25 ಮಿಲಿಆಂಪಿಯರ್ ದಾಟಬಾರದು, ಅಷ್ಟು ಅಪಾಯವಲ್ಲ. ಆದರೆ ಬೆರಳು ತಟ್ಟನೆ ಹಿಂದೆಳೆದುಕೊಳ್ಳುವಂಥ ಹೊಡೆತ ಇದ್ದರೆ ಅದು ಜುಮ್ಮೆನ್ನಿಸುವಿಕೆ ಅಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿ, ಅಡಾಪ್ಟರ್ ಕಳಚಿ, ಮತ್ತೆ ಹಾಕಬೇಡಿ.

ಹೊಸದನ್ನು ಹಾಕಿದ ಮೇಲೆ ಒಂದು ಗಂಟೆ ಬಿಟ್ಟು ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ. ಕೈ ಇಟ್ಟುಕೊಂಡಿರಲು ಆಗದಷ್ಟು ಬಿಸಿ ಇದ್ದರೆ ಬಿಲ್ ಹಿಡಿದು ಅಂಗಡಿಗೆ ವಾಪಸ್. ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಲ್ಯಾನ್ ಕೇಬಲ್ ಮನೆಯ ಹೊರಗಿನಿಂದ ಬರುತ್ತಿದ್ದರೆ ಅದನ್ನೂ ಕಳಚಬೇಕು, ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ಒಳಗೆ ತರುತ್ತದೆ.

ಚಿಕ್ಕಪ್ಪನ ಮನೆಯಲ್ಲಿ ಈಗ ಅಡಾಪ್ಟರ್‌ಗಳಿಗೆಲ್ಲ ಬಿಳಿ ಟೇಪ್ ಸುತ್ತಿ, ಯಾವ ವಸ್ತುವಿನದು, ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಮಾರ್ಕರ್‌ನಲ್ಲಿ ಬರೆದಿದೆ. ಚಿಕ್ಕಮ್ಮನ ಕೈಬರಹ. ನಿಮ್ಮ ಮನೆಯ ರೂಟರ್ ನಿಂತಾಗ ಗ್ರೂಪ್‌ನಲ್ಲಿ ಕೇಳುವುದಾದರೆ ಆರಿದ ದೀಪದ ಫೋಟೊ ಬೇಡ. ರೂಟರ್‌ನ ತಳದ ಸ್ಟಿಕ್ಕರ್‌ನದೊಂದು, ಹಾಕಬೇಕೆಂದಿರುವ ಅಡಾಪ್ಟರ್‌ನ ಲೇಬಲ್‌ನದೊಂದು, ಎರಡು ಫೋಟೊ ಹಾಕಿ. ಸ್ಟಿಕ್ಕರ್‌ನಲ್ಲಿ ವೈಫೈ ಪಾಸ್‌ವರ್ಡ್ ಅಚ್ಚಾಗಿರುವುದುಂಟು, ಅದರ ಮೇಲೆ ಬೆರಳಿಟ್ಟು ಫೋಟೊ ತೆಗೆಯಿರಿ.